ನೀರಿನ ಜಾಡು ಹಿಡಿದು ಎರಡು ದಿನ: ಅಮೆರಿಕದ ಅಯೋವಾದ ಕ್ಲೇಟನ್ ಕೌಂಟಿಗೆ ಹೋಗಿ ಬಂದ ಅನುಭವ

ಸೀಡರ್ ರ‍್ಯಾಪಿಡ್ಸ್‌ನ ಮಗನ ಮನೆಗೆ ನಾನು, ನನ್ನ ಹೆಂಡತಿ ಬಂದು ಎರಡು ತಿಂಗಳಾಗಿತ್ತು. ಆಗಸ್ಟ್‌ನಲ್ಲಿ ಅವನಿಗೆ ಎರಡು ದಿನ ರಜ ಸಿಕ್ಕಿತು. "ಅಪ್ಪ, ಶಿಕಾಗೋಗೆ ಹೋಗೋಣ" ಅಂದ. ದೊಡ್ಡ ಕಟ್ಟಡ ಬೇಡಪ್ಪ, ಇಲ್ಲಿಯ ರೈತರ ನೆಲ ತೋರಿಸು ಅಂದೆ. ನಾನು ಕೃಷಿ ಇಲಾಖೆಯಲ್ಲಿ 31 ವರ್ಷ ಕೆಲಸ ಮಾಡಿದವನು. ಮಧುಗಿರಿ, ಕೊರಟಗೆರೆ, ಶಿರಾ ಕಡೆ ಬದು ಹಾಕಿಸಿ, ಚೆಕ್ ಡ್ಯಾಂ ಕಟ್ಟಿಸಿ, ರೈತರ ಜೊತೆ ಜಗಳವಾಡಿ, ಅವರ ಮನೇಲೇ ಊಟ ಮಾಡಿ ನಿವೃತ್ತನಾದೆ. ಹೊಸ ಊರಿಗೆ ಹೋದರೆ ನನ್ನ ಕಣ್ಣು ಮೊದಲು ಮಣ್ಣಿಗೆ ಹೋಗುತ್ತೆ, ಆಮೇಲೆ ನೀರಿಗೆ.

ಮಗ ಆಫೀಸಿನಲ್ಲಿ ವಿಚಾರಿಸಿ ಕ್ಲೇಟನ್ ಕೌಂಟಿ ಆರಿಸಿದ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ಇದು ಅಯೋವಾ ರಾಜ್ಯದ ಈಶಾನ್ಯ ಮೂಲೆಯಲ್ಲಿ, ಮಿಸಿಸಿಪ್ಪಿ ನದಿಯ ದಡದಲ್ಲಿದೆ. ಇಲ್ಲಿಗೆ ಬರುವ ನಮ್ಮವರಲ್ಲಿ ಹೆಚ್ಚಿನವರು ಇಂಥ ಕಡೆ ಹೋಗುವುದೇ ಇಲ್ಲ. ಹೋಗಬೇಕು. ಯಾಕೆ ಅಂತ ಹೇಳೋಕೆ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಳತೆ ಹೇಳಿಬಿಡುತ್ತೇನೆ. ಕೌಂಟಿಯ ನೆಲ ಸುಮಾರು 2,000 ಚದರ ಕಿಲೋಮೀಟರ್. ಅಂದರೆ ನಮ್ಮ ಎರಡು ದೊಡ್ಡ ತಾಲ್ಲೂಕಿನಷ್ಟು. ಜನ ಎಷ್ಟು ಗೊತ್ತಾ? 2020ರ ಜನಗಣತಿಯಲ್ಲಿ 17,043. ನಮ್ಮ ಕಡೆ ಎರಡು ಗ್ರಾಮ ಪಂಚಾಯಿತಿ ಸೇರಿದರೆ ಅಷ್ಟಾಗುತ್ತೆ. 1837ರಲ್ಲಿ ಡಬ್ಯೂಕ್ ಕೌಂಟಿಯಿಂದ ಒಡೆದು ಇದನ್ನು ಮಾಡಿದರು. ಆಗಿನ್ನೂ ಅಯೋವಾ ರಾಜ್ಯವೇ ಆಗಿರಲಿಲ್ಲ. ಅದು ಆಗಿದ್ದು 1846ರಲ್ಲಿ.

ಸೀಡರ್ ರ‍್ಯಾಪಿಡ್ಸ್‌ನಿಂದ 13ನೇ ಹೆದ್ದಾರಿ ಹಿಡಿದರೆ ಉತ್ತರಕ್ಕೆ ಹೋಗುತ್ತಲೇ ಇರೋದು. ಎರಡೂ ಕಡೆ ಮುಸುಕಿನ ಜೋಳ, ಸೋಯಾ, ಮತ್ತೆ ಮುಸುಕಿನ ಜೋಳ. ಸ್ಟ್ರಾಬೆರಿ ಪಾಯಿಂಟ್ ಅನ್ನೋ ಊರು ಬರುತ್ತೆ. ಅಲ್ಲಿ ಪುರಸಭೆ ಕಟ್ಟಡದ ಮುಂದೆ ಫೈಬರಿನ ದೊಡ್ಡ ಸ್ಟ್ರಾಬೆರಿ ಹಣ್ಣು ನಿಲ್ಲಿಸಿದ್ದಾರೆ. ಮೊಮ್ಮಗಳು ಫೋಟೋ ತೆಗೆಸಿಕೊಂಡಳು. ಐದು ನಿಮಿಷ ಸಾಕು.

ಅಲ್ಲಿಂದ ಮುಂದೆ ನೆಲ ಬದಲಾಗುತ್ತೆ. ಇದನ್ನು ಕಾರಿನ ಕಿಟಕಿಯಿಂದಲೇ ನೋಡಬಹುದು. ಚಪ್ಪಟೆಯಾಗಿದ್ದ ಬಯಲು ಏಳುಬೀಳು ಆಗುತ್ತೆ, ಆಮೇಲೆ ಕಣಿವೆ, ಬಂಡೆ, ಕಾಡು. ಕಾರಣ ಹಿಮಯುಗ. ಕೊನೆಯ ಹಿಮಯುಗದ ದಪ್ಪ ಮಂಜುಗಡ್ಡೆಯ ಹಾಸು ನಡು ಅಯೋವಾದವರೆಗೆ ಬಂದು ಅಲ್ಲಿಯ ನೆಲವನ್ನು ಸಗಣಿ ಸಾರಿಸಿದ ಹಾಗೆ ಸವರಿ ಹೋಯಿತು. ಈ ಮೂಲೆಗೆ ಬರಲಿಲ್ಲ. ಲಕ್ಷಾಂತರ ವರ್ಷ ಹಿಂದೆ ಬಂದಿದ್ದ ಮಂಜು ಬಿಟ್ಟುಹೋದ ಮಣ್ಣು ಕಲ್ಲನ್ನೂ ನದಿಗಳು ಬಹುಪಾಲು ಕೊಚ್ಚಿಕೊಂಡು ಹೋಗಿವೆ. ಹಾಗಾಗಿ ಇಲ್ಲಿ ಸುಣ್ಣಕಲ್ಲು ಹೊರಗೇ ಕಾಣುತ್ತೆ. ಡ್ರಿಫ್ಟ್‌ಲೆಸ್ ಅಂತ ಈ ಪ್ರದೇಶಕ್ಕೆ ಹೆಸರು. ಮಂಜು ತಂದು ಸುರಿಯುವ ಮಣ್ಣು ಕಲ್ಲಿಗೆ ಡ್ರಿಫ್ಟ್ ಅನ್ನುತ್ತಾರೆ, ಅದು ಇಲ್ಲದ ಜಾಗ ಅಂತ ಅರ್ಥ.

ಇಳಿಜಾರಿನ ಹೊಲಗಳನ್ನು ಕಂಡಾಗ ನಾನು ಕಾರು ನಿಲ್ಲಿಸು ಅಂದೆ. ಗುಡ್ಡದ ಮೈಗೆ ಅಡ್ಡಡ್ಡ, ಬಳುಕಿದ ಪಟ್ಟೆ ಪಟ್ಟೆಯಾಗಿ ಬೆಳೆ. ಒಂದು ಪಟ್ಟೆ ಜೋಳ, ಪಕ್ಕದ್ದು ಕುದುರೆ ಮಸಾಲೆ ಸೊಪ್ಪು, ಮತ್ತೆ ಜೋಳ. ಮಳೆ ನೀರು ಜೋಳದ ಸಾಲಿನಿಂದ ಮಣ್ಣು ತಂದರೆ ಕೆಳಗಿನ ಸೊಪ್ಪಿನ ಪಟ್ಟೆ ಹಿಡಿದುಕೊಳ್ಳುತ್ತೆ. ಸಮಪಾತಳಿ ಬೇಸಾಯ ಅಂತ ನಾನು ಎಷ್ಟೋ ಹಳ್ಳಿ ಕಟ್ಟೆಯ ಮೇಲೆ ಪಟ ಹಿಡಿದು ಪಾಠ ಮಾಡಿದ್ದು ಇದನ್ನೇ. ಇಷ್ಟು ದೊಡ್ಡದಾಗಿ, ಇಡೀ ಗುಡ್ಡಕ್ಕೆ ಗುಡ್ಡವೇ ಹಾಗಿರೋದನ್ನು ಕಣ್ಣಾರೆ ನೋಡಿದ್ದು ಇದೇ ಮೊದಲು. ಹತ್ತು ನಿಮಿಷ ರಸ್ತೆ ಪಕ್ಕ ನಿಂತಿದ್ದೆ. ಸೊಸೆ ನೀರಿನ ಬಾಟಲಿ ತಂದುಕೊಟ್ಟಳು.

ಕೌಂಟಿಯ ಮುಖ್ಯ ಊರು ಎಲ್ಕೇಡರ್. ನಮ್ಮ ಜಿಲ್ಲಾ ಕೇಂದ್ರದ ಹಾಗೆ ಅನ್ನಿ. ಆದರೆ ಜನ ಬರೀ ಸಾವಿರದ ಇನ್ನೂರರ ಆಸುಪಾಸು. ಈ ಹೆಸರು ಎಲ್ಲಿಂದ ಬಂತು ಅಂತ ಕೇಳಿ ನನಗೆ ಆಶ್ಚರ್ಯವಾಯಿತು. ಅಲ್ಜೀರಿಯಾದಲ್ಲಿ ಫ್ರೆಂಚರ ವಿರುದ್ಧ ಹೋರಾಡಿದ ಅಮೀರ್ ಅಬ್ದುಲ್ ಖಾದರ್ ಹೆಸರು ಇದು. 1846ರಲ್ಲಿ ಊರು ಕಟ್ಟಿದವರು ಪತ್ರಿಕೆಯಲ್ಲಿ ಅವರ ಹೋರಾಟದ ಸುದ್ದಿ ಓದಿ ಮೆಚ್ಚಿ ಹೆಸರಿಟ್ಟರಂತೆ. ಅದೇ ಅಬ್ದುಲ್ ಖಾದರ್ 1860ರಲ್ಲಿ ದಮಾಸ್ಕಸ್‌ನಲ್ಲಿ ಗಲಭೆ ಆದಾಗ ಸಾವಿರಾರು ಕ್ರೈಸ್ತರ ಪ್ರಾಣ ಉಳಿಸಿದರು. ಶಿರಾದಲ್ಲಿ ನಮ್ಮ ಜೀಪಿನ ಡ್ರೈವರ್ ಹೆಸರೂ ಅದೇ. ಅಮೆರಿಕದ ಜೋಳದ ಹೊಲಗಳ ನಡುವೆ ಆ ಹೆಸರು ಬೋರ್ಡಿನಲ್ಲಿ ಕಂಡು ಮನಸ್ಸಿಗೆ ಹಿತವಾಯಿತು. ಈಗ ಅಲ್ಜೀರಿಯಾದ ಮಸ್ಕಾರಾ ನಗರ ಇವರಿಗೆ ಸೋದರ ನಗರ.

ಊರಿನ ನಡುವೆ ಟರ್ಕಿ ನದಿ. ಅದರ ಮೇಲೆ 1889ರಲ್ಲಿ ಕಟ್ಟಿದ ಕಲ್ಲಿನ ಸೇತುವೆ ಇದೆ, ಎರಡೇ ಕಮಾನು. ಇವತ್ತಿಗೂ ವಾಹನ ಓಡಾಡುತ್ತವೆ. ಮೇಲೆ ನಿಂತರೆ ಏನೂ ಗೊತ್ತಾಗಲ್ಲ, ಕೆಳಗೆ ನದಿ ದಡಕ್ಕೆ ಇಳಿದು ನೋಡಬೇಕು. ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿದಿರೋದು ಕಾಣುತ್ತೆ. ಹತ್ತಿರದ ಕ್ವಾರಿಯ ಸುಣ್ಣಕಲ್ಲು, ಜೇನುತುಪ್ಪದ ಬಣ್ಣ. ನೆತ್ತಿಯ ಕಲ್ಲು ಬೆಣೆ ಹಾಗೆ ಕೂತಿದೆ. ಮೊಮ್ಮಗಳಿಗೆ ನನ್ನ ಎರಡು ಕೈ ಜೋಡಿಸಿ ಕಮಾನು ಮಾಡಿ, ಮೇಲಿಂದ ಒತ್ತು ಅಂದೆ. ಒತ್ತಿದಳು. "ತಾತ, ಒತ್ತಿದಷ್ಟೂ ಗಟ್ಟಿಯಾಗ್ತಿದೆ" ಅಂದಳು. ಅವಳಿಗೆ ಅರ್ಥವಾಯಿತು.

ಈಗ ನಾನು ನಿಜವಾಗಿ ಹೇಳಬೇಕಾದ ಜಾಗ. ಎಲ್ಕೇಡರ್‌ನಿಂದ ಸ್ವಲ್ಪ ದೂರದಲ್ಲಿ, ಅದೇ ಟರ್ಕಿ ನದಿಯ ದಡದಲ್ಲಿ ಮೋಟರ್ ಮಿಲ್ ಅನ್ನೋ ಹಿಟ್ಟಿನ ಗಿರಣಿ ಇದೆ. ಜಲ್ಲಿ ರಸ್ತೆಯಲ್ಲಿ ಇಳಿದು ಹೋಗಬೇಕು. ಮರಗಳ ಮಧ್ಯೆ ಇದ್ದಕ್ಕಿದ್ದ ಹಾಗೆ ಆರು ಅಂತಸ್ತಿನ ಕಲ್ಲಿನ ಕಟ್ಟಡ ಎದ್ದು ನಿಲ್ಲುತ್ತೆ. ಪಕ್ಕದಲ್ಲಿ ಊರಿಲ್ಲ, ಅಂಗಡಿ ಇಲ್ಲ. 1860ರ ದಶಕದ ಕೊನೆಗೆ ಕಟ್ಟಿದ್ದು. ಆಗ ಇಲ್ಲಿ ಎಲ್ಲರೂ ಗೋಧಿ ಬೆಳೆಯುತ್ತಿದ್ದರು. ನದಿಯ ಬಲದಿಂದ ಕಲ್ಲು ತಿರುಗಿಸಿ ಗೋಧಿ ಬೀಸೋದು, ಹಿಟ್ಟನ್ನು ರೈಲಿಗೆ ಹಾಕೋದು ಅಂತ ಲೆಕ್ಕ. ಗಿರಣಿ ಸುತ್ತ ಊರೇ ಬೆಳೆಯುತ್ತೆ ಅಂತ ಛತ್ರ, ಕುದುರೆ ಲಾಯ, ಪೀಪಾಯಿ ಮಾಡುವ ಕಟ್ಟಡ ಎಲ್ಲ ಕಲ್ಲಿನಲ್ಲೇ ಕಟ್ಟಿದರು. ಅವೂ ಇನ್ನೂ ನಿಂತಿವೆ.

ಆದರೆ ರೈಲು ಬರಲಿಲ್ಲ. ಗೋಧಿಗೆ ಕೀಟ ಬಿತ್ತು. ಚಿಂಚ್ ತಿಗಣೆ ಅಂತ, ಗಿಡದ ರಸ ಹೀರುವ ಸಣ್ಣ ಹುಳ. ರೈತರು ಗೋಧಿ ಬಿಟ್ಟು ಜೋಳ, ಹಸು, ಹಂದಿ ಕಡೆ ತಿರುಗಿದರು. ಹದಿನೈದು ವರ್ಷ ಆಗುವಷ್ಟರಲ್ಲಿ ಗಿರಣಿ ನಿಂತುಹೋಯಿತು. ಒಂದು ಹುಳ ಒಂದು ಊರನ್ನು ಹುಟ್ಟೋಕೇ ಬಿಡಲಿಲ್ಲ ನೋಡಿ. ನುಸಿ ಪೀಡೆ ಬಂದು ತೆಂಗಿನ ತೋಟಗಳು ಸೊರಗಿದಾಗ ನಾನು ತಿಪಟೂರು ಕಡೆ ಓಡಾಡಿದ್ದೇನೆ. ಆ ಗಿರಣಿಯ ಒಳಗೆ ನಿಂತಾಗ ಆ ರೈತರ ಮುಖಗಳು ನೆನಪಾದವು.

ಈಗ ಕೌಂಟಿಯ ಸಂರಕ್ಷಣಾ ಮಂಡಳಿ ಗಿರಣಿಯನ್ನು ನೋಡಿಕೊಳ್ಳುತ್ತಿದೆ. ಬೇಸಿಗೆಯ ವಾರಾಂತ್ಯಗಳಲ್ಲಿ ಸಣ್ಣ ಶುಲ್ಕ ತೆಗೆದುಕೊಂಡು ಒಳಗೆ ತೋರಿಸುತ್ತಾರೆ. ನಮಗೆ ತೋರಿಸಿದವರು ವಯಸ್ಸಾದ ಸ್ವಯಂಸೇವಕರು. ಅವರ ಪೂರ್ವಿಕರು ಜರ್ಮನಿಯಿಂದ ಬಂದ ರೈತರಂತೆ. ಆರು ಅಂತಸ್ತು ಯಾಕೆ ಅಂತ ಕೇಳಿದೆ. ಕಾಳನ್ನು ಒಂದೇ ಸಲ ಸಾಲಾಗಿ ಬಟ್ಟಲು ಕಟ್ಟಿದ ಸುತ್ತುವ ಪಟ್ಟಿಯಲ್ಲಿ ಮೇಲಕ್ಕೆ ಏರಿಸಿಬಿಟ್ಟರೆ ಆಮೇಲೆ ತಾನಾಗೇ ಕೆಳಕ್ಕೆ ಇಳಿಯುತ್ತೆ. ಒಂದು ಅಂತಸ್ತಿನಲ್ಲಿ ಹಸನು, ಇನ್ನೊಂದರಲ್ಲಿ ಬೀಸೋದು, ಮತ್ತೊಂದರಲ್ಲಿ ಜರಡಿ. ಮನುಷ್ಯ ಮೂಟೆ ಹೊರಬೇಕಿಲ್ಲ. ಬೀಸುವ ಕಲ್ಲು ಮುಟ್ಟಿ ನೋಡಿದೆ. ನಮ್ಮ ಮನೆಯ ಬೀಸೋ ಕಲ್ಲಿಗೆ ಕಲ್ಲು ಕುಟ್ಟುವವರು ಬಂದು ಉಳಿಯಲ್ಲಿ ಹಲ್ಲು ಹಾಕುತ್ತಿದ್ದರಲ್ಲ, ಇಲ್ಲಿಯದರಲ್ಲೂ ನಡುವಿನಿಂದ ಅಂಚಿಗೆ ಓಡುವ ಅದೇ ಗೀರುಗಳು. ನನ್ನ ಹೆಂಡತಿ ಬೆರಳಿಟ್ಟು ಗೀರಿನ ಜಾಡಿನಲ್ಲೇ ಎಳೆದು ನೋಡಿದಳು. "ನಮ್ಮಮ್ಮನ ಕಲ್ಲು ಹೀಗೇ ಇತ್ತು" ಅಂದಳು.

ಅವಳಿಗೆ ಮಂಡಿ ನೋವು. ಮೇಲಿನ ಅಂತಸ್ತುಗಳಿಗೆ ಮರದ ಕಡಿದಾದ ಮೆಟ್ಟಿಲು, ಹಾಗಾಗಿ ಅವಳು ಕೆಳಗೇ ಉಳಿದಳು. ವಯಸ್ಸಾದವರು ಇದನ್ನು ಗಮನದಲ್ಲಿಟ್ಟುಕೊಳ್ಳಿ. ಕೆಳಗೆ ನದಿ ದಡದಲ್ಲಿ ಕೂರಲು ನೆರಳಿದೆ, ಬೇಸರ ಆಗಲ್ಲ. ಗಿರಣಿ ಪಕ್ಕದ ಕಬ್ಬಿಣದ ಸೇತುವೆ ಹೊಸದು. 1899ರ ಹಳೆಯದು 2008ರ ಜೂನ್ ಪ್ರವಾಹದಲ್ಲಿ ಕೊಚ್ಚಿಹೋಯಿತಂತೆ. ನಾವು ನೋಡಿದ ದಿನ ನದಿ ಮೊಣಕಾಲುದ್ದ ಹರಿಯುತ್ತಿತ್ತು. ಇದೇ ನದಿನಾ ಅನ್ನಿಸಿತು.

ಇದೇ ನೀರಿನ ಇನ್ನೊಂದು ಮುಖ ಎಲ್ಕ್‌ಪೋರ್ಟ್. ವೋಲ್ಗಾ ಅನ್ನೋ ಹೊಳೆ ಟರ್ಕಿ ನದಿಗೆ ಸೇರುವಲ್ಲಿ ಇರುವ ಹಳ್ಳಿ. 2004ರ ಮೇ ತಿಂಗಳಲ್ಲಿ ಪ್ರವಾಹ ತಡೆಯೋ ಮಣ್ಣಿನ ಏರಿ ಒಡೆದು ಊರೊಳಗೆ ನೀರು ನುಗ್ಗಿತು. ಆಮೇಲೆ ಬಹಳಷ್ಟು ಮನೆಗಳನ್ನು ಕೆಡವಿಬಿಟ್ಟರು. ಅಲ್ಲಿ ಈಗ ನೋಡೋಕೆ ಏನಿದೆ ಅಂದರೆ ಹುಲ್ಲು, ಬೀದಿಗಳು. ಬೀದಿ ಇದೆ, ಎರಡೂ ಕಡೆ ಮನೆ ಇಲ್ಲ. ನಾವು ಮೆಲ್ಲಗೆ ಕಾರು ಓಡಿಸಿಕೊಂಡು ಹೋದೆವು, ಯಾರೂ ಮಾತಾಡಲಿಲ್ಲ.

ಮೊದಲ ದಿನ ಉಳಿದುಕೊಂಡ ಜಾಗದ ಬಗ್ಗೆ ಹೇಳಲೇಬೇಕು. ಆನ್‌ಲೈನ್‌ನಲ್ಲಿ ಬಾಡಿಗೆಗೆ ಹಿಡಿದ ಮನೆ. ಅಡುಗೆಮನೆ ಇದೆ ಅಂತ ಬರೆದಿದ್ದರು. ಅದನ್ನು ನಂಬಿ ಸೊಸೆ ಅಕ್ಕಿ, ಬೇಳೆ, ಕುಕ್ಕರ್ ಎಲ್ಲ ತಂದಿದ್ದಳು. ಹೋಗಿ ನೋಡಿದರೆ ಒಲೆ ಹತ್ತುತ್ತಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ, ಮೆಸೇಜಿಗೆ ಮಾರನೇ ದಿನ ಉತ್ತರ ಬಂತು. ರಾತ್ರಿ ಎಂಟರ ಮೇಲೆ ಆ ಊರಲ್ಲಿ ಸಸ್ಯಾಹಾರಿಗಳಿಗೆ ಏನೂ ಸಿಗಲಿಲ್ಲ. ಹೆಂಡತಿ ಕಟ್ಟಿಕೊಂಡು ಬಂದಿದ್ದ ಚಪಾತಿ, ಚಟ್ನಿಪುಡಿ, ಮೊಸರು ನಮ್ಮನ್ನು ಕಾಪಾಡಿತು. ಮಗು ಇತ್ತು, ವಯಸ್ಸಾದವರಿದ್ದೆವು, ನನಗೆ ನಿಜವಾಗಿ ಬೇಜಾರಾಯಿತು. ಕೊಟ್ಟ ದುಡ್ಡಿಗೆ ಒಲೆ ಕೇಳೋದು ತಪ್ಪಲ್ಲ ಅಲ್ವಾ? ನೀವು ಹೋದರೆ ಹೊರಡುವ ಮುಂಚೆಯೇ ಎಲ್ಲ ಕೆಲಸ ಮಾಡುತ್ತಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಒಂದು ಹೊತ್ತಿನ ಬುತ್ತಿ ಜೊತೆಗಿರಲಿ.

ಎರಡನೇ ದಿನ ಬೆಳಿಗ್ಗೆ ಬಿಗ್ ಸ್ಪ್ರಿಂಗ್‌ಗೆ ಹೋದೆವು. ಇದೂ ಎಲ್ಕೇಡರ್ ಹತ್ತಿರವೇ. ಅಯೋವಾದ ಅತಿ ದೊಡ್ಡ ಚಿಲುಮೆ. ಬಂಡೆಯ ಬುಡದಿಂದ ನೀರು ಹೊರಬಂದು ಕೊಳ ಸೇರುತ್ತೆ. ಅಲ್ಲಿ ಸರ್ಕಾರದವರು ಟ್ರೌಟ್ ಮೀನಿನ ಮರಿ ಸಾಕುತ್ತಾರೆ. ಆಗಸ್ಟ್ ಸೆಖೆಯಲ್ಲೂ ನೀರು ಕೈ ಜುಂ ಅನ್ನುವಷ್ಟು ತಣ್ಣಗೆ. ಮಧುಗಿರಿ ಕಡೆ ತಲಪರಿಗೆಗಳಿವೆ, ಹಳ್ಳದ ಮರಳಿನಲ್ಲಿ ತಾನಾಗಿ ಉಕ್ಕುವ ನೀರು. ಅವನ್ನು ನೋಡಿ ಬೆಳೆದವನಿಗೆ ಇಷ್ಟು ದೊಡ್ಡ ಊಟೆ ಕಂಡರೆ ಕೈ ಮುಗಿಯೋಣ ಅನ್ನಿಸುತ್ತೆ.

ಆದರೆ ಈ ಚಿಲುಮೆಯ ಕಥೆ ಅಷ್ಟೇ ಅಲ್ಲ. ಸುಣ್ಣಕಲ್ಲಿನ ನೆಲದಲ್ಲಿ ಕುಸಿದ ಗುಂಡಿಗಳಿರುತ್ತವೆ. ಹೊಲದ ಮಧ್ಯೆ ಒಂದಿಷ್ಟು ಮರ ಗುಂಪಾಗಿ ಕಂಡರೆ ಅಲ್ಲಿ ಇಂಥ ಗುಂಡಿ ಇದೆ ಅಂತಲೇ ಲೆಕ್ಕ, ಉಳೋಕೆ ಆಗದೆ ಬಿಟ್ಟಿರುತ್ತಾರೆ. ಹೊಲದ ನೀರು ಅದರೊಳಗೆ ಇಳಿದು ಬಂಡೆಯ ಸೀಳುಗಳಲ್ಲಿ ಓಡಿ ಕೊನೆಗೆ ಈ ಚಿಲುಮೆಯಲ್ಲಿ ಬರುತ್ತೆ. ಸುಮಾರು 267 ಚದರ ಕಿಲೋಮೀಟರ್ ಹೊಲಗದ್ದೆಯ ನೀರು ಇದೊಂದೇ ಬಾಯಿಗೆ. 1980ರ ದಶಕದಲ್ಲಿ ವಿಜ್ಞಾನಿಗಳು ಇಲ್ಲಿ ಕೂತು ವರ್ಷಗಟ್ಟಲೆ ನೀರು ಅಳೆದರು. ರೈತರು ಜೋಳಕ್ಕೆ ಸಾರಜನಕ ಗೊಬ್ಬರ ಜಾಸ್ತಿ ಹಾಕುತ್ತಾ ಹೋದ ಹಾಗೆ ಚಿಲುಮೆಯ ನೀರಿನಲ್ಲಿ ನೈಟ್ರೇಟ್ ಏರುತ್ತಾ ಹೋಗಿತ್ತು. 1987ರಲ್ಲಿ ಅಯೋವಾ ಅಂತರ್ಜಲ ರಕ್ಷಣೆಗೆ ಕಾಯ್ದೆ ತಂದಿತು. ಅದರ ಹಿಂದೆ ಈ ಚಿಲುಮೆಯ ಲೆಕ್ಕವೂ ಇತ್ತು.

ನಾನು ಅಲ್ಲಿ ತುಂಬಾ ಹೊತ್ತು ನಿಂತೆ. ನನ್ನ ಸರ್ವೀಸಿನ ಮೊದಲ ಹತ್ತು ವರ್ಷ ಯೂರಿಯಾ ಹಾಕಿ, ಇನ್ನೊಂದು ಚೀಲ ಹಾಕಿ ಅಂತ ಹೇಳಿಕೊಂಡು ಓಡಾಡಿದ್ದೇನೆ. ಇಳುವರಿ ಬಂತು, ರೈತರು ಖುಷಿಪಟ್ಟರು, ಅದು ಸುಳ್ಳಲ್ಲ. ಆಮೇಲೆ ಬೋರ್‌ವೆಲ್ ನೀರಿನ ಪರೀಕ್ಷೆ ವರದಿಯಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ದಾಟಿದ್ದನ್ನೂ ನಾನೇ ನೋಡಿದ್ದೇನೆ. ಮಣ್ಣಿನ ಮೇಲೆ ಹಾಕಿದ್ದು ಎಲ್ಲಿಗೆ ಹೋಗುತ್ತೆ ಅಂತ ರೈತನಿಗೆ ಕಣ್ಣಿಗೆ ಕಾಣುವ ಹಾಗೆ ತೋರಿಸೋಕೆ ನಮ್ಮಲ್ಲಿ ಜಾಗ ಇರಲಿಲ್ಲ. ಇಲ್ಲಿದೆ. ಮೇಲೆ ಜೋಳ, ಕೆಳಗೆ ನೀರು. ಕೃಷಿ ಓದುವ ಮಕ್ಕಳು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಇದನ್ನು ನೋಡಿ.

ಅಲ್ಲಿಂದ ಫ್ರೇಲಿಕ್. ಊರು ಅನ್ನೋದಕ್ಕಿಂತ ನಾಲ್ಕಾರು ಕಟ್ಟಡ ಅನ್ನಬೇಕು. ಹಳೇ ಅಂಗಡಿ, ಶಾಲೆ, ಕಮ್ಮಾರಸಾಲೆ ಎಲ್ಲ ಉಳಿಸಿಕೊಂಡು ಮ್ಯೂಸಿಯಂ ಮಾಡಿದ್ದಾರೆ. 1892ರಲ್ಲಿ ಜಾನ್ ಫ್ರೇಲಿಕ್ ಇಲ್ಲಿ ಪೆಟ್ರೋಲಿನಿಂದ ಓಡುವ, ಮುಂದಕ್ಕೂ ಹಿಂದಕ್ಕೂ ಚಲಿಸುವ ಟ್ರ್ಯಾಕ್ಟರ್ ಮಾಡಿದರು. ಅದಕ್ಕೆ ಮುಂಚೆ ಒಕ್ಕಣೆಗೆ ಹಬೆ ಯಂತ್ರ ಇತ್ತು. ಅದಕ್ಕೆ ನೀರು ಹೊರಬೇಕು, ಕಲ್ಲಿದ್ದಲು ಹೊರಬೇಕು, ಕಿಡಿ ಹಾರಿದರೆ ಬಣವೆಗೇ ಬೆಂಕಿ. ಫ್ರೇಲಿಕ್ ತಮ್ಮ ಯಂತ್ರವನ್ನು ಸೌತ್ ಡಕೋಟಾಗೆ ಒಯ್ದು ಐವತ್ತು ದಿನದಷ್ಟು ಕಾಲ ಗೋಧಿ ಒಕ್ಕಿದರು. ಮುಂದೆ ವಾಟರ್‌ಲೂನಲ್ಲಿ ಕಂಪನಿ ಮಾಡಿದರು. ಮಾರಿದ ಎರಡು ಟ್ರ್ಯಾಕ್ಟರೂ ವಾಪಸ್ ಬಂದವು. ಅವರು ಕಂಪನಿ ಬಿಟ್ಟರು. ಕಂಪನಿ ಬೇರೆಯವರ ಕೈಯಲ್ಲಿ ಉಳಿಯಿತು, 1918ರಲ್ಲಿ ಅದನ್ನು ಜಾನ್ ಡಿಯರ್‌ನವರು ಕೊಂಡರು. ಇವತ್ತು ಶಿರಾ ಕಡೆ ಹೊಲ ಉಳುವ ಆ ಹಸಿರು ಟ್ರ್ಯಾಕ್ಟರಿನ ಬೇರು ಈ ಪುಟ್ಟ ಊರಿನಲ್ಲಿದೆ. ಮ್ಯೂಸಿಯಂನಲ್ಲಿ ಆ ಮೊದಲ ಟ್ರ್ಯಾಕ್ಟರಿನ ಮಾದರಿ ಇಟ್ಟಿದ್ದಾರೆ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆ, ಊರಿನ ರೈತ ಗೆಳೆಯರಿಗೆ ವಾಟ್ಸಾಪ್‌ನಲ್ಲಿ ಕಳಿಸಿದೆ. ಅರ್ಧ ಗಂಟೆಯಲ್ಲಿ ಹನ್ನೊಂದು ಜನ ಉತ್ತರ ಬರೆದರು, ಅಲ್ಲಿ ರಾತ್ರಿ ಹನ್ನೆರಡಾಗಿತ್ತು.

ಮಧ್ಯಾಹ್ನ ಪೈಕ್ಸ್ ಪೀಕ್ ಸ್ಟೇಟ್ ಪಾರ್ಕ್. ಮ್ಯಾಕ್‌ಗ್ರೆಗರ್ ಊರಿನ ಪಕ್ಕ, ಮಿಸಿಸಿಪ್ಪಿಯ ಮೇಲೆ 500 ಅಡಿ ಎತ್ತರದ ಬಂಡೆ ಗುಡ್ಡ. ಪ್ರವೇಶ ಶುಲ್ಕ ಇಲ್ಲ. ಕಾರು ನಿಲ್ಲಿಸಿ ಸ್ವಲ್ಪ ನಡೆದರೆ ಸಾಕು, ಹೆಂಡತಿಗೂ ಕಷ್ಟ ಆಗಲಿಲ್ಲ. ಎದುರಿಗೆ ವಿಸ್ಕಾನ್ಸಿನ್ ನದಿ ಬಂದು ಮಿಸಿಸಿಪ್ಪಿಗೆ ಸೇರುತ್ತೆ. ನಡುವೆ ಹಸಿರು ನಡುಗಡ್ಡೆಗಳು. 1673ರ ಜೂನ್ 17ರಂದು ಮಾರ್ಕೆಟ್ ಅನ್ನೋ ಪಾದ್ರಿ, ಜೋಲಿಯೆ ಅನ್ನೋ ಸಾಹಸಿ, ಇನ್ನೂ ಐವರು ಎರಡು ದೋಣಿಯಲ್ಲಿ ಆ ಸಂಗಮದಿಂದಲೇ ಮಿಸಿಸಿಪ್ಪಿಗೆ ಬಂದರು. 1805ರಲ್ಲಿ ಸೈನ್ಯದ ಜೆಬ್ಯುಲನ್ ಪೈಕ್ ಕೋಟೆ ಕಟ್ಟೋಕೆ ಈ ಗುಡ್ಡ ಒಳ್ಳೆಯದು ಅಂದರು. ಕೋಟೆ ಕೊನೆಗೆ ಎದುರು ದಡದಲ್ಲಾಯಿತು. ಹಾಗಾಗಿ ಗುಡ್ಡ ಗುಡ್ಡವಾಗಿಯೇ ಉಳಿಯಿತು.

ಅವರಿಗಿಂತ ಸಾವಿರ ವರ್ಷ ಹಿಂದಿನ ಗುರುತೂ ಇಲ್ಲಿದೆ. ಜಲಪಾತಕ್ಕೆ ಹೋಗುವ ಹಲಗೆ ದಾರಿಯ ಪಕ್ಕ ಕರಡಿಯ ಆಕಾರದ ಮಣ್ಣಿನ ದಿಬ್ಬ. ಬುಟ್ಟಿಯಲ್ಲಿ ಮಣ್ಣು ಹೊತ್ತು ಮಾಡಿದ್ದು. ಇದೇ ಕೌಂಟಿಯ ಸ್ನೈ ಮಗಿಲ್ ಅನ್ನೋ ಕಡೆ ನೂರಕ್ಕೂ ಹೆಚ್ಚು ದಿಬ್ಬಗಳಿವೆ. ಅವು ಇಲ್ಲಿಯ ಮೂಲ ಜನರಿಗೆ ಪವಿತ್ರ ಜಾಗ, ಹತ್ತಿ ತುಳಿಯಬಾರದು. ಆ ಜನರನ್ನು 1830, 40ರ ದಶಕದಲ್ಲಿ ಒಪ್ಪಂದದ ಮೇಲೆ ಒಪ್ಪಂದ ಬರೆಸಿ ಈ ನೆಲದಿಂದ ಕಳಿಸಿದರು. ಅವರಲ್ಲಿ ಹೋ-ಚಂಕ್ ಅನ್ನೋ ಬುಡಕಟ್ಟಿನ ಜನರನ್ನು 1848ರಲ್ಲಿ ಮಿನ್ನೆಸೋಟಕ್ಕೆ ಸಾಗಿಸಿದರು. ಕೌಂಟಿಯ ಇತಿಹಾಸ ಹೇಳುವಾಗ ಜರ್ಮನ್ ರೈತರಿಂದ ಶುರು ಮಾಡೋದು ಸರಿಯಲ್ಲ. ದಿಬ್ಬದಿಂದ ಶುರು ಮಾಡಬೇಕು. ಅಲ್ಲಿಯ ಫಲಕಗಳಲ್ಲಿ ಇದರ ಬಗ್ಗೆ ಇನ್ನೂ ಜಾಸ್ತಿ ಬರೆಯಬಹುದಿತ್ತು.

ಮ್ಯಾಕ್‌ಗ್ರೆಗರ್ ಊರಿನ ಮುಖ್ಯ ಬೀದಿ ಚೆನ್ನಾಗಿದೆ. ರಿಂಗ್ಲಿಂಗ್ ಸರ್ಕಸ್ ಅಣ್ಣತಮ್ಮಂದಿರು ಚಿಕ್ಕವರಾಗಿದ್ದಾಗ ಇಲ್ಲಿದ್ದರು. ಕಿವಿ ಕೇಳದ ಆಂಡ್ರ್ಯೂ ಕ್ಲೆಮೆನ್ಸ್ ಅನ್ನೋ ಕಲಾವಿದ ಈ ಗುಡ್ಡದ ಬಣ್ಣ ಬಣ್ಣದ ಮರಳನ್ನು ಬಾಟಲಿಯೊಳಗೆ ಅಂಟಿಲ್ಲದೆ ಜೋಡಿಸಿ ಚಿತ್ರ ಮಾಡುತ್ತಿದ್ದರು. ಬೆಳಕು ಇಳಿಯುತ್ತಿದ್ದರಿಂದ ನಾವು ಬೇಗ ಹೊರಟೆವು.

ಕೊನೆಗೆ ಗಟನ್‌ಬರ್ಗ್. ಮುದ್ರಣ ಯಂತ್ರದ ಗುಟೆನ್‌ಬರ್ಗ್ ಹೆಸರೇ, ಇಂಗ್ಲಿಷಿನಲ್ಲಿ ಬರೆಯುವಾಗ ಒಂದು ಅಕ್ಷರ ಜಾಸ್ತಿ ಸೇರಿಕೊಂಡಿದೆ. ಇಲ್ಲಿ ಮಿಸಿಸಿಪ್ಪಿಗೆ 10ನೇ ಲಾಕ್ ಮತ್ತು ಡ್ಯಾಂ ಇದೆ. ಲಾಕ್ ಅಂದರೆ ಎರಡೂ ತುದಿಗೆ ಬಾಗಿಲಿರುವ ದೊಡ್ಡ ತೊಟ್ಟಿ, ಅದರಲ್ಲಿ ನೀರು ಏರಿಸಿ ಇಳಿಸಿ ದೋಣಿಗಳನ್ನು ಡ್ಯಾಂ ದಾಟಿಸುತ್ತಾರೆ. ಹತ್ತಿರ ನಿಂತು ನೋಡಲು ಕಟ್ಟೆ ಮಾಡಿದ್ದಾರೆ, ಅದಕ್ಕೂ ದುಡ್ಡಿಲ್ಲ. ನಮ್ಮ ಅದೃಷ್ಟಕ್ಕೆ ಆಗಲೇ ಒಂದು ನೂಕುದೋಣಿ ಹದಿನೈದು ಬಾರ್ಜು, ಅಂದರೆ ಸರಕು ತುಂಬುವ ಚಪ್ಪಟೆ ದೋಣಿ, ಕಟ್ಟಿಕೊಂಡು ಬಂತು. ಲಾಕಿನ ಉದ್ದ 600 ಅಡಿ, ಬಾರ್ಜುಗಳ ಸಾಲು ಅದರ ಎರಡರಷ್ಟು. ಹಾಗಾಗಿ ಅರ್ಧ ಬಿಚ್ಚಿ ಒಳಗೆ ಬಿಟ್ಟು, ನೀರು ಇಳಿಸಿ, ಆಚೆ ಎಳೆದು, ಮತ್ತೆ ಉಳಿದರ್ಧ. ಕೆಲಸದವರು ಹಗ್ಗ ಸುತ್ತೋದು, ಬಿಚ್ಚೋದು, ಒಬ್ಬರಿಗೊಬ್ಬರು ಕೂಗೋದು ಎಲ್ಲ ಹತ್ತು ಅಡಿ ದೂರದಲ್ಲಿ. ಗುಡ್ಡದ ಮೇಲಿನ ಆ ಪಟ್ಟೆ ಹೊಲಗಳಂಥ ಕಡೆಯಿಂದಲೇ ಬಂದ ಜೋಳ ಹೀಗೆ ನ್ಯೂ ಆರ್ಲಿನ್ಸ್‌ವರೆಗೆ ಹೋಗುತ್ತೆ. ಮುಗಿಯೋಕೆ ಒಂದೂವರೆ ಗಂಟೆ ಮೇಲಾಯಿತು. ಮೊಮ್ಮಗಳು ಕೊನೆಯವರೆಗೂ ಕಂಬಿ ಬಿಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ ಮೋಟರ್ ಮಿಲ್, ಬಿಗ್ ಸ್ಪ್ರಿಂಗ್, ಲಾಕು, ಈ ಮೂರಕ್ಕೆ ಐದಕ್ಕೆ ಐದು. ಪೈಕ್ಸ್ ಪೀಕ್‌ಗೂ ಐದು. ಫ್ರೇಲಿಕ್‌ಗೆ ನಾಲ್ಕು, ವಿವರಣೆ ಇನ್ನಷ್ಟು ಬೇಕಿತ್ತು. ಉಳಿದುಕೊಂಡ ಮನೆಗೆ ಒಂದು. ಎರಡು ದಿನ ಬೇಕೇ ಬೇಕು, ಒಂದೇ ದಿನಕ್ಕೆ ಓಡಬೇಡಿ. ಕಣಿವೆಗಳಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತೆ, ನಕ್ಷೆ ಮೊದಲೇ ಇಳಿಸಿಕೊಂಡಿರಿ. ಗಿರಣಿ ಮತ್ತು ಮ್ಯೂಸಿಯಂ ದಿನಾ ತೆರೆದಿರಲ್ಲ, ಫೋನ್ ಮಾಡಿ ಹೋಗಿ. ಜೋರು ಮಳೆ ಬಂದ ಮಾರನೇ ದಿನ ಗಿರಣಿ ಕಡೆ ಇಳಿಯಬೇಡಿ, ಟರ್ಕಿ ನದಿ ಬೇಗ ಏರುತ್ತೆ.